ಉತ್ತರದ ಇಳಿಜಾರಿನ ಇಲಿಕಿವಿ

ಬೆಳಗಿನ ನಾಲ್ಕೂವರೆ. ಚಳಿನಾಡಿನ ಸಾವೊ ಸೀಮೆಯ ಸಂಶೋಧನಾ ಕಾಡಿನ ಉತ್ತರದ ಇಳಿಜಾರಿನಲ್ಲಿ ರೈಯಾ ಹಕ್ಕರಾಯ್ನೆನ್ ಕತ್ತು ಹಿಂದಕ್ಕೆ ಚೆಲ್ಲಿ, ದುರ್ಬೀನು ಕಣ್ಣಿಗೊತ್ತಿ, ಒಂಬತ್ತನೆಯ ನಂಬರಿನ ಬೆಳ್ಳಿ ಬರ್ಚ್ ಮರದ ಮೊಗ್ಗುಗಳನ್ನು ನೋಡುತ್ತಿದ್ದಾರೆ. ತುದಿ ಹಸಿರಾಗಿದೆ, ಎಲೆ ಬಿಚ್ಚಿಲ್ಲ. ಪುಸ್ತಕದಲ್ಲಿ 'ಎರಡು' ಎಂದು ಬರೆಯುತ್ತಾರೆ. ಎಲೆ ಇಲಿಯ ಕಿವಿಯಷ್ಟಾದ ದಿನ ಬರೆಯುವುದು 'ನಾಲ್ಕು'. ಊರವರು ಆಲೂಗಡ್ಡೆ ನೆಡುವುದೂ ಆ ಇಲಿಕಿವಿ ಕಂಡ ಮೇಲೆಯೇ.

"ಕೆರೆ ಕಡೆ ಆಗ್ಲೇ ನಾಲ್ಕು ಬಂದಿರುತ್ತೆ," ಎನ್ನುತ್ತಾರೆ, ಯಾರೂ ಕೇಳದಿದ್ದರೂ. "ರೇಡಿಯೊದವ್ರು ಫೋನ್ ಮಾಡ್ತಾರೆ ಅಂತ ಆ ಕಡೆ ಮರ ನೋಡೋ ಎಸ್ಕೊ ಕಾದು ಕೂತಿರ್ತಾನೆ."

ರೈಯಾಗೆ ಅರವತ್ತೆರಡು. ಕಾಡಿನ ಸಹಾಯಕಿ ಎಂಬುದು ಹುದ್ದೆ. ಮೂವತ್ತು ವಸಂತ ಮುಗಿಸಿದ್ದಾರೆ, ಇದು ಮೂವತ್ತೊಂದನೆಯದು. ಮೂವತ್ತು ಮರ, ಮರಕ್ಕೆ ಹತ್ತು ಕೊಂಬೆ, ಏಪ್ರಿಲ್ ಕೊನೆಯಿಂದ ದಿನ ಬಿಟ್ಟು ದಿನ. ಶರತ್ಕಾಲದಲ್ಲಿ ಹನ್ನೆರಡು ತಟ್ಟೆಗಳಲ್ಲಿ ಬಿದ್ದ ಬೀಜ ಎಣಿಸಿ, ಜೊಳ್ಳು ಗಟ್ಟಿ ಬೇರ್ಪಡಿಸಬೇಕು. ಒಂದು ಸೀನು ಬಂದರೆ ಅರ್ಧ ದಿನದ ಕೆಲಸ ಹಾರಿಹೋಗುತ್ತದೆ. ಒಮ್ಮೆ ಏಣಿಯಿಂದ ಬಿದ್ದು ಬಲಗೈ ಮುರಿದಾಗ ಎಡಗೈಯಲ್ಲಿ ಬರೆದರು. ಇವರ ಅಂಕಿಗಳನ್ನು ಹಿಡಿದು ಎಂಟು ಮಂದಿ ಡಾಕ್ಟರೇಟ್ ಪಡೆದಿದ್ದಾರೆ. ಎಂಟೂ ಪ್ರಬಂಧಗಳ ಕೊನೆಯಲ್ಲಿ 'ಕಾಡಿನ ಸಿಬ್ಬಂದಿಗೆ ವಂದನೆ' ಎಂದಷ್ಟೇ ಇದೆ.

ಅದಕ್ಕೆ ರೈಯಾಗೆ ಬೇಸರವಿಲ್ಲ. ಅವರ ಹೊಟ್ಟೆ ಉರಿಯುವುದು ಎಸ್ಕೊ ಪೆಸೊನೆನ್‌ನನ್ನು ಕಂಡರೆ ಮಾತ್ರ. ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು, ಮಾಡುವುದೂ ಒಂದೇ ಕೆಲಸ. ಅವನ ಮೂವತ್ತು ಮರಗಳು ಸರೋವರದ ಕಡೆ, ದಕ್ಷಿಣಕ್ಕೆ ಮುಖ ಮಾಡಿ ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತ ನಿಂತಿವೆ. ಪ್ರತಿವರ್ಷ ನಾಲ್ಕು ದಿನ ಮೊದಲೇ ಚಿಗುರುತ್ತವೆ. ಹಾಗಾಗಿ ಪ್ರತಿವರ್ಷ ರೇಡಿಯೊ ಅವನಿಗೆ, ಪತ್ರಿಕೆಯ ಫೋಟೊ ಅವನಿಗೆ. ಅಂಗಡಿಯ ಸಾಲಿನಲ್ಲಿ ಹೆಂಗಸರು "ಎಸ್ಕೊ, ಆಲೂಗಡ್ಡೆ ನೆಡೋದಾ?" ಎಂದು ಕೇಳುತ್ತಾರೆ, ಅವನು ಟೋಪಿ ಸರಿಮಾಡಿಕೊಂಡು ಎರಡು ದಿನ ತಾಳಿ ಎನ್ನುತ್ತಾನೆ. ಅವನ ಹಿಂದೆ ಬ್ರೆಡ್ಡು ಹಿಡಿದು ನಿಂತ ರೈಯಾರನ್ನು ಯಾರೂ ಏನೂ ಕೇಳುವುದಿಲ್ಲ.

"ಅದೇ ಜಾತಿ ಮರ. ಬಿಸಿಲು ಅವನ ಕಡೆ ಬೀಳುತ್ತೆ, ಅಷ್ಟೇ. ಬಿಸಿಲು ಬಿದ್ದಿದ್ದಕ್ಕೆ ಅವ್ನಿಗೆ ಸನ್ಮಾನ," ಎನ್ನುವಾಗ ಅವರ ದನಿಯಲ್ಲಿ ತಮಾಷೆ ಎಳ್ಳಷ್ಟೂ ಇಲ್ಲ.

ಈ ಕಿಚ್ಚು 2006ರ ಮೇ ತಿಂಗಳಲ್ಲಿ ಕೈಯಿಂದ ಮಾಡಬಾರದ್ದನ್ನು ಮಾಡಿಸಿತು. ಮೊಗ್ಗು ಇನ್ನೂ 'ಎರಡು' ಇದ್ದಾಗಲೇ ರೈಯಾ ಮೂವತ್ತೂ ಮರಗಳಿಗೆ 'ನಾಲ್ಕು' ಎಂದು ಬರೆದರು. ಎಸ್ಕೊನಿಗಿಂತ ಎರಡು ದಿನ ಮೊದಲು. ರೇಡಿಯೊದವರು ಬಂದರು, ಮೂರು ನಿಮಿಷ ಮಾತಾಡಿಸಿದರು. ತಂಗಿ ಅದನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಳು. ರೈಯಾ ಆ ಕ್ಯಾಸೆಟ್ಟನ್ನು ಒಮ್ಮೆಯೂ ಹಾಕಿ ಕೇಳಿಲ್ಲ.

ಉಪ್ಪು ತಿಂದವರು ನೀರು ಕುಡಿಯಲೇಬೇಕು. ಎರಡು ಇಳಿಜಾರುಗಳ ಮೂವತ್ತು ವರ್ಷಗಳನ್ನು ಹೋಲಿಸಲು ಬಂದ ಯುವ ಸಂಶೋಧಕಿ ಇಲೋನಾ ಕೊರ್ಪೆಲಾ, ಕಳೆದ ಶರತ್ಕಾಲದಲ್ಲಿ ಕಾಫಿ ಮೇಜಿನ ಮೇಲೆ ಆರು ಪುಟ ಹರಡಿದಳು. ತಂಪಿನ ಮರಗಳು 2006ರಲ್ಲಿ ಮಾತ್ರ ಬೇಗ ಎಚ್ಚೆತ್ತದ್ದು ಏಕೆ ಎಂಬುದನ್ನು ಮೂರು ತಿಂಗಳು ನಿದ್ದೆಗೆಟ್ಟು ವಿವರಿಸಿದ್ದಳು. ಚಳಿಗಾಲದ ಯಾವುದೋ ಬೆಚ್ಚಗಿನ ವಾರ ಅದಕ್ಕೆ ಕಾರಣವಂತೆ. ವಿವರಣೆ ಸೊಗಸಾಗಿತ್ತು. ರೈಯಾ ಅಂದು ಊಟ ಮಾಡಲಿಲ್ಲ. ಬಾಯಿಬಿಟ್ಟರೆ ಮೂವತ್ತು ವರ್ಷದ ಪುಸ್ತಕಗಳನ್ನೂ ಯಾರೂ ನಂಬುವುದಿಲ್ಲ, ಉತ್ತರದ ಇಳಿಜಾರನ್ನೇ ಕೈಬಿಟ್ಟು ಎಸ್ಕೊನ ಮರಗಳನ್ನಷ್ಟೇ ಉಳಿಸಿಕೊಳ್ಳುತ್ತಾರೆ. ಅದಕ್ಕಿಂತ ಸಾಯುವುದೇ ವಾಸಿ ಅನ್ನಿಸಿತಂತೆ.

ಮೂರು ವಾರ ತಡೆದುಕೊಂಡರು. ಆಮೇಲೆ ಇಲೋನಾಳ ಬಾಗಿಲು ತಟ್ಟಿ, ನಿಂತಲ್ಲೇ ಹೇಳಿದರು: "ಆ ವರ್ಷ ಮರ ಬೇಗ ಎದ್ದಿರ್ಲಿಲ್ಲ ಕಣಮ್ಮ. ನಾನು ಸುಳ್ಳು ಬರೆದೆ. ಹೊಟ್ಟೆಕಿಚ್ಚಿಗೆ."

ಇಲೋನಾ ಮರುದಿನ ಮೂವತ್ತೂ ಪುಸ್ತಕ ಹೊತ್ತೊಯ್ದು, ಪ್ರತಿ ವಸಂತದ ತಾಪಮಾನದ ಲೆಕ್ಕದೊಂದಿಗೆ ಎರಡು ವಾರ ತಾಳೆ ನೋಡಿದಳು. ಇಪ್ಪತ್ತೊಂಬತ್ತು ವಸಂತಗಳು ಸರಿಯಾಗಿ ಕೂತವು, ಎಡಗೈಯಲ್ಲಿ ಬರೆದದ್ದೂ ಸೇರಿ. ಆರು ಪುಟ ಕಸದ ಬುಟ್ಟಿಗೆ ಹೋಯಿತು. "ನನ್ನ ಮೂರು ತಿಂಗಳು ತಿಂದ್ರಿ ನೀವು," ಎಂದಳಂತೆ, "ಆದ್ರೆ ನಿಮ್ಮ ಪುಸ್ತಕ ನಂಗೆ ಬೇಕು." ಇಳಿಜಾರು ಉಳಿಯಿತು.

ಈ ಮಾರ್ಚಿನಲ್ಲಿ ಇಲೋನಾಳ ಪ್ರಬಂಧ ಅಚ್ಚಾಯಿತು. ಅದರ ಕೋಷ್ಟಕದಲ್ಲಿ 2006ರ ಎದುರು ಒಂದು ಅಡ್ಡಗೆರೆ ಇದೆ. ಕೆಳಗೆ ಸಣ್ಣ ಅಕ್ಷರದಲ್ಲಿ 'ದಾಖಲೆಯನ್ನು ಹಿಂದಕ್ಕೆ ಪಡೆದವರು ಅದನ್ನು ಬರೆದ ರೈಯಾ ಹಕ್ಕರಾಯ್ನೆನ್' ಎಂದಿದೆ. ಮೂವತ್ತು ವರ್ಷದಲ್ಲಿ ಅವರ ಹೆಸರು ಅಚ್ಚಾದದ್ದು ಇದೇ ಮೊದಲು.

ಎಸ್ಕೊ ಮೊನ್ನೆ ಪ್ರಬಂಧ ಹಿಡಿದು ಏದುಸಿರು ಬಿಡುತ್ತ ಇಳಿಜಾರು ಹತ್ತಿ ಬಂದಿದ್ದ. ಅದರಲ್ಲಿ ಅವನಿಗೆ ಸಿಕ್ಕಿದ್ದು ಅದೇ ಹಳೆಯ 'ಸಿಬ್ಬಂದಿಗೆ ವಂದನೆ'.

"ಮೂವತ್ತು ವರ್ಷ ನಾನು ಒಂದೂ ಸುಳ್ಳು ಬರೀಲಿಲ್ಲ," ಎಂದ. "ನನ್ನ ಹೆಸರಿಲ್ಲ. ನೀನು ಸುಳ್ಳು ಬರೆದೆ, ನಿನ್ನ ಹೆಸರಿದೆ. ಇದು ಯಾವ ನ್ಯಾಯ?"

ರೈಯಾ ಈಗ ಹತ್ತನೆಯ ಮರಕ್ಕೆ ನಡೆಯುತ್ತ ಅದನ್ನು ನೆನೆದು, ಮುಖ ತಿರುಗಿಸಿ ನಗುತ್ತಾರೆ.

"ಮೂವತ್ತು ವರ್ಷ ಅವನ ಮೇಲೆ ಹೊಟ್ಟೆ ಉರ್ಕೊಂಡೆ ನಾನು. ಒಂದು ವಾರ ಅವನೂ ಉರ್ಕೊಳ್ಲಿ ಬಿಡಿ. ಆಮೇಲೆ ಹೋಗಿ ಇಲೋನಾಗೆ ಹೇಳ್ತೀನಿ, ಮುಂದಿನ ಪ್ರಬಂಧದಲ್ಲಿ ಅವನ ಹೆಸರೂ ಹಾಕಮ್ಮ ಅಂತ."