ಅಂಗೈಯ ಭಂಡಾರ

ಮೊನ್ನೆ ಪಕ್ಕದ ಮನೆಯವರು ಬೀರಪ್ಪನ ಗುಡಿಯಿಂದ ಭಂಡಾರ ತಂದುಕೊಟ್ಟರು. ಪೊಟ್ಟಣ ಬಿಚ್ಚಿ ಅರಿಷಿಣದ ವಾಸನೆ ಮೂಗಿಗೆ ಬಂದದ್ದೇ ತಡ, ನಲವತ್ತು ವರ್ಷದ ಹಿಂದಿನ ಸಿಟ್ಟು ನೆತ್ತಿಗೇರಿತು.

ಆಗ ನಾನು ಹುನಗುಂದದ ಹತ್ತಿರದ ಒಂದು ಶಾಲೆಗೆ ಹೊಸ ಮಾಸ್ತರ. ಅಲ್ಲಿಯ ಜವಾನರೊಬ್ಬರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಕುರುಬರವರು, ವಯಸ್ಸಾದವರು, ಮಾತು ಬಲು ಕಡಿಮೆ... ಗಂಟೆ ಹೊಡೆಯುವ ಮೊದಲು ಹಣೆಗೆ ಭಂಡಾರ ಹಚ್ಚಿಕೊಳ್ಳುವುದನ್ನು ಒಂದು ದಿನವೂ ತಪ್ಪಿಸಿದವರಲ್ಲ.

ಒಂದು ಸಲ ಶಾಲೆಯ ರೇಡಿಯೋ ಕಾಣೆಯಾಯಿತು. ವಿಚಾರಣೆಗೆ ಬಂದ ಸಾಹೇಬರು ಮೈಸೂರು ಕಡೆಯವರು. ತಂದೆಯ ವಯಸ್ಸಿನವರನ್ನು ಏಕವಚನದಲ್ಲಿ, "ನೀನೇ ತಗೊಂಡ್ಯಾ?" ಎಂದು ಕೇಳಿದರು. ಕಾಕಾ ಸೊಂಟದ ಚೀಲದಿಂದ ಭಂಡಾರ ತೆಗೆದು ಹಣೆಗೆ ಬಳಿದುಕೊಂಡರು. ಉಳಿದದ್ದನ್ನು ಅಂಗೈಯಲ್ಲಿ ಹಿಡಿದು ತಲೆ ಬಾಗಿಸಿ ನಿಂತರು. ನಮ್ಮ ಕಡೆ ಅದು ಬೀರಪ್ಪನ ಆಣೆ. 'ನಾನು ತೆಗೆದಿಲ್ಲ, ದೇವರೇ ಸಾಕ್ಷಿ' ಎಂದಂತೆ. ಅದರ ಮೇಲೆ ಯಾರೂ ಇನ್ನೊಂದು ಮಾತು ಕೇಳುವುದಿಲ್ಲ.

"ನೋಡಿ, ಒಪ್ಕೊಂಡು ಕ್ಷಮೆ ಕೇಳ್ತಿದಾನೆ. ಏನಂತೀರಿ ಮೇಷ್ಟ್ರೇ?" ಎಂದು ಸಾಹೇಬರು ನನ್ನತ್ತ ತಿರುಗಿದರು. ಕಾಕಾನೂ ನನ್ನನ್ನೇ ನೋಡಿದರು. ಒಂದು ಮಾತು ಸಾಕಿತ್ತು... ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ತಲೆ ತಗ್ಗಿಸಿದೆ. ಅದನ್ನೂ ಅವರು ಹೌದೆಂದೇ ತಿಳಿದರು. ಕಾಕಾನ ನೌಕರಿ ಹೋಯಿತು.

ಎಂಥ ಅನ್ಯಾಯ ಇದು. ಗೊತ್ತಿಲ್ಲದ ಊರಿಗೆ ನ್ಯಾಯ ಹೇಳಲು ಬಂದವರಿಗೆ 'ಹೀಗೆ ಮಾಡಿದರೆ ಏನರ್ಥ?' ಎಂದು ಕೇಳುವಷ್ಟೂ ಪುರುಸೊತ್ತು ಇರಬಾರದೇ? ತಿಂಗಳೊಳಗೆ ರೇಡಿಯೋ ಇಳಕಲ್ಲಿನ ರಿಪೇರಿ ಅಂಗಡಿಯಲ್ಲಿ ಸಿಕ್ಕಿತು. ಹೆಡ್‌ಮಾಸ್ತರರೇ ಕೊಟ್ಟು ಮರೆತಿದ್ದರು. ಆದರೂ ಆದೇಶ ತಿರುಗಲಿಲ್ಲ.

ಅಷ್ಟರಲ್ಲಿ ಕಾಕಾ ತಮ್ಮೂರು ಕೆರೂರಿಗೆ ಮರಳಿದ್ದರು. ಹುಡುಕಿಕೊಂಡು ಹೋದೆ. ಕಟ್ಟೆಯ ಮೇಲೆ ಕೂತು ಉಣ್ಣೆ ನೂಲುತ್ತಿದ್ದರು.

"ಕಾಕಾ, ರೇಡಿಯೋ ಸಿಕ್ಕೇತ್ರಿ. ಅವತ್ತು ನಾ ಹೇಳಬೇಕಿತ್ರಿ," ಎಂದೆ.

ಅವರ ಹೆಂಡತಿ ತಂಬಿಗೆಯಲ್ಲಿ ನೀರು ತಂದರು. ಕಾಕಾ ಕೈ ಅಡ್ಡ ಹಿಡಿದು, ಒಳಗೆ ಒಯ್ಯುವಂತೆ ಸನ್ನೆ ಮಾಡಿದರು.

"ಮಾಸ್ತರ ಬಿಸಲಾಗ ಬಂದಾರ. ನೀರರ ಕೊಡಬ್ಯಾಡಂದ್ರ ಹೆಂಗ್ರಿ?" ಎಂದರು ಆ ತಾಯಿ. ಆ ಕೈ ಕೆಳಗಿಳಿಯಲಿಲ್ಲ. ನಮ್ಮ ಕಡೆ ಹಗೆಯವನನ್ನೂ ನೀರು ಕೊಡದೆ ಕಳಿಸುವುದಿಲ್ಲ. ನಾನು ಎದ್ದು ಬಂದೆ.

ಕಾಕಾ ತೀರಿಕೊಂಡು ಬಹಳ ವರ್ಷಗಳಾದವು. ಆ ಸಾಹೇಬರನ್ನು ಇವತ್ತಿಗೂ ಬೈಯುತ್ತೇನೆ. ಆದರೆ ಅವರಿಗೆ ಅರ್ಥವಾಗಿರಲಿಲ್ಲ. ನನಗಾಗಿತ್ತು. ಅದು ಕಾಕಾನಿಗೆ ಗೊತ್ತಿತ್ತು.