ಕಣ್ಣಲ್ಲೇ ಗಂಡು ಹೆಣ್ಣು ಹೇಳುವ ಭಾವ

ನನ್ನ ಅಕ್ಕನ ಗಂಡ ಗಡಿಯಾರ ರಿಪೇರಿ ಮಾಡುತ್ತಿದ್ದರು. ಔಷಧಿ ಅಂಗಡಿಯ ಮೆಟ್ಟಿಲ ಕೆಳಗೆ, ಒಬ್ಬ ಕೂತರೆ ಇನ್ನೊಬ್ಬ ನಿಂತೇ ಇರಬೇಕಾದಷ್ಟು ಜಾಗದಲ್ಲಿ ಅವರ ಅಂಗಡಿ. ಒಂದು ಗಾಜಿನ ಪೆಟ್ಟಿಗೆ, ಮೇಜಿನ ದೀಪ, ಚಿಮುಟ, ಬಲಗಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ. ಇಷ್ಟರ ದುಡಿಮೆಯಲ್ಲೇ ಅವರು ಮನೆ ಕಟ್ಟಿದರು. ಕೆಳಗಿನ ಭಾಗವನ್ನು ನನಗೆ ಬಿಟ್ಟುಕೊಟ್ಟರು, ನಡುವಿನದರಲ್ಲಿ ಅಕ್ಕನ ಜೊತೆ ತಾವಿದ್ದರು, ತಾರಸಿಯನ್ನು ಪಾರಿವಾಳಗಳಿಗೆ ಕೊಟ್ಟರು. ಮನೆಯಲ್ಲಿ ಹೆಚ್ಚು ಮರ್ಯಾದೆ ಇದ್ದದ್ದು ತಾರಸಿಯವರಿಗೇ.

ನನಗೆ ಆ ಹಕ್ಕಿಗಳೆಂದರೆ ಅಷ್ಟಕ್ಕಷ್ಟೇ. ಒಣಹಾಕಿದ ಬಟ್ಟೆಗಳಲ್ಲಿ ಬಿಳಿ ಅಂಗಿಯನ್ನೇ ಹುಡುಕಿ ಹಿಕ್ಕೆ ಹಾಕುವ ಪ್ರಾಣಿಯನ್ನು ಪ್ರೀತಿಸಲು ದೊಡ್ಡ ಮನಸ್ಸು ಬೇಕು, ಅದು ನನಗಿಲ್ಲ. ಅಕ್ಕನೂ ನನ್ನ ಪಕ್ಷವೇ. ಬೆಳಗ್ಗೆ ಭಾವ ತಾರಸಿಗೆ ಹೊರಟರೆ, "ನನ್ನ ಸವತಿಯರು ಎದ್ದರಂತಾ?" ಎಂದು ಅಡುಗೆಮನೆಯಿಂದಲೇ ಕೇಳುತ್ತಿದ್ದಳು. "ಎದ್ದಿದಾರೆ. ನಿನ್ನ ಹಾಗೆ ಗೊಣಗಲ್ಲ" ಎಂದು ಭಾವ ಮೆಟ್ಟಿಲು ಹತ್ತುತ್ತಿದ್ದರು.

ಆ ಸವತಿಯರಿಗೆ ನಡೆಯುತ್ತಿದ್ದ ಸೇವೆಯೇನು ಸಾಮಾನ್ಯದ್ದಲ್ಲ. ಮೊದಲು ಕಾಳು, ನಂತರ ಕುಡಿಯುವ ನೀರು, ಹೊಟ್ಟೆ ತಣ್ಣಗಾದ ಮೇಲೆ ಸ್ನಾನ. ಈ ಕ್ರಮ ತಪ್ಪುವಂತಿರಲಿಲ್ಲ. ಬಾಯಾರಿದ ಹಕ್ಕಿ ಸ್ನಾನದ ನೀರನ್ನೇ ಕುಡಿದುಬಿಡುತ್ತದೆ, ಅದರಲ್ಲಿ ಅದರದೇ ಹಿಕ್ಕೆ ಕದಡಿರುತ್ತದೆ. ಒಂದಕ್ಕೆ ಬಂದ ಗಂಟಲ ಹುಣ್ಣು ಗೂಡಿಗೆಲ್ಲ ಹರಡುವುದು ನೀರಿನ ಪಾತ್ರೆಯಿಂದಲೇ ಎಂದು ಭಾವ ನನಗೆ ಊಟದ ಹೊತ್ತಿನಲ್ಲಿ ವಿವರಿಸಿದ್ದುಂಟು. ಕುಡಿಯುವ ನೀರು ಮುಚ್ಚಿದ ಡಬ್ಬಿಯಲ್ಲಿ, ತಲೆ ಮಾತ್ರ ತೂರುವಂತೆ ಪಕ್ಕದಲ್ಲಿ ತೂತು. ಸ್ನಾನಕ್ಕೆ ಅಗಲ ಬಾಯಿಯ ತಗ್ಗು ಟಬ್ಬು, ಹಕ್ಕಿಯ ಹೊಟ್ಟೆ ಮುಳುಗುವಷ್ಟೇ ನೀರು, ಬಿಸಿಲಿನಲ್ಲಿ.

ಹಕ್ಕಿಗಳು ಒಂದನ್ನೊಂದು ತಳ್ಳಿಕೊಂಡು ಟಬ್ಬಿಗಿಳಿದು, ರೆಕ್ಕೆ ಬಡಿದು ನೀರೆರಚಿ, ಕೊನೆಗೆ ಒಂದು ಮಗ್ಗುಲಿಗೆ ವಾಲಿ ರೆಕ್ಕೆ ಎತ್ತಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದವು. ಅವು ಎದ್ದುಹೋದ ನೀರಿನ ಮೇಲೆ ಬಿಳಿ ಹುಡಿ ತೆಳ್ಳಗೆ ತೇಲುತ್ತಿತ್ತು, ಗರಿಯಿಂದ ಉದುರಿದ್ದು. ಭಾವ ಬಗ್ಗಿ ಅದನ್ನು ನೋಡುತ್ತಿದ್ದರು. "ಪೌಡರ್ ತೇಲಿದ್ರೆ ಹಕ್ಕಿ ಗಟ್ಟಿಮುಟ್ಟಾಗಿದೆ ಅಂತ ಅರ್ಥ" ಎನ್ನುವರು. ನೋಡಿದ ತಕ್ಷಣ ನೀರು ಚೆಲ್ಲುವರು. ಕುಡಿಯುವ ಡಬ್ಬಿಯನ್ನು ಬ್ರಷ್ಷಿನಿಂದ ಉಜ್ಜಿ, ಬಿಸಿಲಿಗೆ ಹಿಡಿದು, ಒಳಗೆ ಪಾಚಿಯ ಛಾಯೆ ಕಂಡರೆ ಮತ್ತೆ ಉಜ್ಜುವರು. ಬೆರಳಾಡಿಸಿ ನೋಡುವುದು ಅವರ ಪದ್ಧತಿಯಲ್ಲ. ಅವರದೆಲ್ಲ ಕಣ್ಣಿನ ವ್ಯವಹಾರ.

ಅವರ ಹೆಸರು ಆ ಬೀದಿಗಳಲ್ಲಿ ಓಡಾಡುತ್ತಿದ್ದದ್ದೂ ಅದಕ್ಕಾಗಿಯೇ. ಪಾರಿವಾಳದಲ್ಲಿ ಗಂಡು ಹೆಣ್ಣು ನೋಡಲು ಒಂದೇ ಥರ. ಗಂಡು ಕತ್ತುಬ್ಬಿಸಿ, ಬಾಲ ನೆಲಕ್ಕೆ ಎಳೆದು, ಗುಟುರು ಹಾಕುತ್ತ ಸುತ್ತು ಬರುತ್ತದೆ ಎನ್ನುತ್ತಾರೆ, ಆದರೆ ಜೋರಿನ ಹೆಣ್ಣೂ ಹಾಗೇ ಮಾಡುತ್ತದೆ. ಎದುರುಮನೆಯ ತಾರಸಿಯಲ್ಲಿ ಹಕ್ಕಿ ಸಾಕಿದ್ದ ದರ್ಜಿ, ಹಕ್ಕಿಯನ್ನು ಅಂಗೈಯಲ್ಲಿ ಅಂಗಾತ ಹಿಡಿದು, ಬಾಲದ ಬುಡದ ಎರಡು ಸಣ್ಣ ಮೂಳೆಗಳ ನಡುವೆ ಬೆರಳ ತುದಿ ಇಟ್ಟು ನೋಡುತ್ತಿದ್ದ. ಸಂದು ಅಗಲವಿದ್ದರೆ ಹೆಣ್ಣು, ಕೂಡಿಕೊಂಡಿದ್ದರೆ ಗಂಡು. ಭಾವನಿಗೆ ಅದೆಂದರೆ ತಾತ್ಸಾರ. ತಲೆಯ ಅಗಲ, ಕಣ್ಣಿನ ಸುತ್ತು, ಹೆಜ್ಜೆಯ ಗತ್ತು ಮಾತ್ರ ನೋಡಿ ದೂರದಿಂದಲೇ ಹೇಳಿಬಿಡುವರು, ಅದು ತಪ್ಪಿದ್ದನ್ನು ನಾನು ಕೇಳಿರಲಿಲ್ಲ.

"ಮೂಳೆ ಮುಟ್ಟಿ ನೋಡೋದು ಕಣ್ಣಿಲ್ಲದೋರ ಕೆಲಸ ಕಣಯ್ಯ" ಎಂದು ದರ್ಜಿಯನ್ನು ರೇಗಿಸುವರು.

"ನಿಮಗಿರೋ ಕಣ್ಣು ನಮಗೆ ಕೊಡ್ಲಿಲ್ಲವಲ್ಲ ದೇವರು" ಎಂದು ದರ್ಜಿ ಬೇಸರವಿಲ್ಲದೆ ನಗುವನು.

ಹೀಗಿರುವಾಗ ಒಂದು ದಿನ ಭಾವ ಕಾಳು ತರಲು ಹೋದಾಗ ಅಕ್ಕ ತಾರಸಿಯಲ್ಲಿ ನೀರಿನ ಡಬ್ಬಿ ಎತ್ತಿಟ್ಟಳು. ಒಳಗೆ ಬೆರಳು ಜಾರಿತು. ಬಗ್ಗಿ ನೋಡಿದರೆ ಹಸಿರು ಪಾಚಿ, ಒಂದು ದಿನದ್ದಲ್ಲ. ಸಂಜೆ ನನ್ನ ಬಾಗಿಲಿಗೆ ಬಂದು ನಿಂತಳು.

"ಅವರಿಗೆ ಕಣ್ಣು ಕಾಣಿಸ್ತಿಲ್ಲ ಕಣೋ" ಎಂದಳು.

ನನಗೂ ಒಂದೊಂದೇ ನೆನಪಾಯಿತು. ಇತ್ತೀಚೆಗೆ ಭಾವ ಗಿರಾಕಿಗಳ ಗಡಿಯಾರಗಳನ್ನು "ಇದರ ಪಾರ್ಟು ಸಿಗಲ್ಲ" ಎಂದು ಹಾಗೇ ವಾಪಸು ಕೊಡುತ್ತಿದ್ದರು. ಸ್ನಾನದ ಟಬ್ಬಿನ ಮುಂದೆ ನಿಂತು, "ಪೌಡರ್ ಹೇಗೆ ತೇಲ್ತಿದೆ ನೋಡು ಬಾ" ಎಂದು ಅಕ್ಕನನ್ನು ಕರೆಯುತ್ತಿದ್ದರು. ಅವಳಿಗೆ ತೋರಿಸಲು ಕರೆಯುತ್ತಾರೆ ಅಂದುಕೊಂಡಿದ್ದೆ, ಅವಳನ್ನು ಕೇಳಿ ತಿಳಿದುಕೊಳ್ಳಲು ಎಂದು ಹೊಳೆದಿರಲಿಲ್ಲ.

"ಡಾಕ್ಟರ್ ಹತ್ರ ಕರ್ಕೊಂಡು ಹೋಗು. ಬಾಯಿ ಬಿಟ್ಟು ಕೇಳು" ಎಂದೆ.

"ಕೇಳಿದ್ರೆ ಅಂಗಡಿ ಮುಚ್ಚಬೇಕಾಗುತ್ತೆ. ಮುಚ್ಚಿದ ದಿನ ಅವರು ಮಲಗಿಬಿಡ್ತಾರೆ. ಅವರಾಗೇ ಹೇಳ್ಲಿ."

ಅಂದಿನಿಂದ ಹಕ್ಕಿ ಕಂಡರೆ ಮೂಗು ಮುರಿಯುವ ಅಕ್ಕ, ಭಾವ ಅಂಗಡಿಗೆ ಹೋದ ಮೇಲೆ ತಾರಸಿಗೆ ಹೋಗಿ ಡಬ್ಬಿ ಉಜ್ಜತೊಡಗಿದಳು. ಉಜ್ಜಿ, ಹೊಸ ನೀರು ತುಂಬಿ, ಅದೇ ಜಾಗದಲ್ಲಿ ಅದೇ ದಿಕ್ಕಿಗೆ ತಿರುಗಿಸಿಟ್ಟು ಕೆಳಗಿಳಿಯುವಳು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಕಣ್ಣು ಹೋಗುತ್ತಿರುವುದು ಮಾತಾಡದಿದ್ದರೆ ನಿಲ್ಲುತ್ತದೆಯೇ? ಆದರೆ ಗಂಡ ಹೆಂಡಿರ ನಡುವೆ ಬಾಯಿ ಹಾಕಲು ನಾನು ಯಾರು, ಅವರ ಮನೆಯ ಕೆಳಗಿರುವವನು.

ಅದಕ್ಕೂ ಕೆಲವು ತಿಂಗಳ ಹಿಂದೆ ದರ್ಜಿ ಪ್ರಾಯಕ್ಕೆ ಬರುತ್ತಿದ್ದ ಎರಡು ಕಂದು ಹಕ್ಕಿ ತಂದಿದ್ದ. ಅವನ ಬೆರಳಿಗೆ ಅನುಮಾನ ಬಂದಿತ್ತು. ಭಾವ ಕೈಯಲ್ಲೂ ಹಿಡಿಯದೆ, "ದಪ್ಪದ್ದು ಗಂಡು, ಇನ್ನೊಂದು ಹೆಣ್ಣು. ಧೈರ್ಯವಾಗಿ ಜೋಡಿ ಹಾಕು" ಎಂದಿದ್ದರು. ಆ ಎರಡು ಹಕ್ಕಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಅವನು ಒಂದು ರಜೆಯ ಬೆಳಗ್ಗೆ ನಮ್ಮ ತಾರಸಿಗೆ ಬಂದ. ನೀರಿನ ಟ್ಯಾಂಕು ನೋಡಲು ನಾನೂ ಮೇಲಿದ್ದೆ. ಅಕ್ಕ ಟಬ್ಬಿನ ನೀರು ಚೆಲ್ಲುತ್ತಿದ್ದಳು.

"ಜೋಡಿ ಚೆನ್ನಾಗಿದೆ" ಎಂದ ದರ್ಜಿ, ನೆಲ ನೋಡುತ್ತ. "ಒಂದನ್ನೊಂದು ಬಿಟ್ಟಿರಲ್ಲ. ಆದ್ರೆ ನಾಲ್ಕು ಮೊಟ್ಟೆ ಬಂದವು. ಒಂದೂ ಒಡೀಲಿಲ್ಲ."

ಒಂದು ಹೆಣ್ಣು ಒಂದು ಸಲಕ್ಕೆ ಇಡುವುದು ಎರಡೇ ಮೊಟ್ಟೆ. ನಾಲ್ಕಿದ್ದರೆ ಇಟ್ಟವರು ಇಬ್ಬರು. ಅಪ್ಪನಿಲ್ಲದ ಮೊಟ್ಟೆ ಮರಿಯಾಗುವುದಿಲ್ಲ. ಹಕ್ಕಿ ಸಾಕದ ನನಗೂ ಇಷ್ಟು ಗೊತ್ತಿತ್ತು.

"ಬೇರೆ ಹೆಣ್ಣು ನುಗ್ಗಿ ಇಟ್ಟಿರುತ್ತೆ ಕಣಯ್ಯ" ಎಂದರು ಗೂಡಿನ ಪಕ್ಕ ನಿಂತಿದ್ದ ಭಾವ.

"ಇವೆರಡನ್ನೇ ಬೇರೆ ಪೆಟ್ಟಿಗೇಲಿ ಹಾಕಿದ್ದೆ. ಬಾಗಿಲು ಮುಚ್ಚಿತ್ತು."

ಭಾವ ದಪ್ಪ ಹಕ್ಕಿಯನ್ನು ಎತ್ತಿಕೊಂಡರು. ಬಿಸಿಲಿಗೆ ಹಿಡಿದರು. ಕಣ್ಣ ಹತ್ತಿರ ತಂದರು, ದೂರ ಹಿಡಿದರು, ಮತ್ತೆ ಹತ್ತಿರ ತಂದರು. ದರ್ಜಿ ಈಗ ಒಂದು ಮಾತು ಆಡಿದ್ದರೆ ಎಷ್ಟು ದಿನದ ಬಾಕಿ ತೀರುತ್ತಿತ್ತೋ, ಆದರೆ ಅವನು ತನ್ನ ಅಂಗಿಯ ಗುಂಡಿ ಸರಿಪಡಿಸಿಕೊಳ್ಳುತ್ತಿದ್ದ. ಅಕ್ಕ ಖಾಲಿ ಟಬ್ಬು ಹಿಡಿದು ನಿಂತಿದ್ದಳು. ಭಾವ ಹಕ್ಕಿಯನ್ನು ನಿಧಾನವಾಗಿ ಅಂಗೈಯಲ್ಲಿ ಅಂಗಾತ ಮಾಡಿದರು. ಬಾಲದ ಬುಡಕ್ಕೆ ಬೆರಳಿಟ್ಟರು.

ಅಕ್ಕನ ಕಣ್ಣು ತುಂಬಿತು.

"ಇದು ಹೆಣ್ಣು" ಎಂದರು ಭಾವ. ಇನ್ನೊಂದನ್ನು ತೆಗೆದುಕೊಂಡರು. "ಇದೂ ಹೆಣ್ಣು."

ಭಾವ ಹಕ್ಕಿಯನ್ನು ಬುಟ್ಟಿಗೆ ಬಿಟ್ಟು, ಅಕ್ಕ ನಿಂತಿದ್ದ ಕಡೆಗೆ ತಿರುಗಿದರು.

"ನೀರಿನ ಡಬ್ಬಿ ನೀನೇ ಉಜ್ತಿದ್ದೀಯ ಅಲ್ವಾ?"

"ಯಾರು ಹೇಳಿದ್ರು?"

"ಮೊನ್ನೆ ಬೆರಳಿಟ್ಟು ನೋಡಿದೆ. ನಾನು ಉಜ್ಜಿದ್ರೆ ಅಷ್ಟು ಚೊಕ್ಕ ಇರಲ್ಲ ಈಗ."

"ನಿಮ್ಮ ಸವತಿ ಸೇವೆ ನನ್ನ ಹಣೆಬರಹ" ಎಂದಳು ಅಕ್ಕ. ನನ್ನ ಸವತಿ ಎನ್ನಬೇಕಾಗಿತ್ತು, ಬಾಯಿ ತಡವರಿಸಿತು. ಭಾವ ತಿದ್ದಲಿಲ್ಲ. ತಮ್ಮ ಗೂಡಿನಿಂದ ಒಂದು ಹಕ್ಕಿ ಹಿಡಿದು, ಬೆರಳಿಟ್ಟು ನೋಡಿ, "ಇದು ಗಂಡು, ತಗೊಂಡು ಹೋಗು" ಎಂದು ದರ್ಜಿಗೆ ಕೊಟ್ಟರು. ದರ್ಜಿ ಅದನ್ನು ಮರುಪರೀಕ್ಷೆ ಮಾಡದೆ ಬುಟ್ಟಿಗೆ ಹಾಕಿಕೊಂಡ.

ಆ ವಾರವೇ ಅಕ್ಕ ಅವರನ್ನು ಕರೆದುಕೊಂಡು ಹೋದಾಗ ಕಣ್ಣಿನ ಡಾಕ್ಟರು ಎಡಗಣ್ಣನ್ನು ಸ್ವಲ್ಪಮಟ್ಟಿಗೆ ಉಳಿಸಬಹುದು ಎಂದರು. ಭೂತಗನ್ನಡಿ ಹಾಕುತ್ತಿದ್ದ ಬಲಗಣ್ಣಿನ ಬಗ್ಗೆ ಏನೂ ಹೇಳಲಿಲ್ಲ. ಮರುದಿನ ಭಾವ ಎಂದಿನಂತೆ ಅಂಗಡಿ ತೆರೆದರು. ಜೊತೆಗೆ ನಾನೂ ಹೋಗಿ, ಕೂರಲು ಜಾಗವಿಲ್ಲದೆ ನಿಂತಿದ್ದೆ. ಗಾಜಿನ ಪೆಟ್ಟಿಗೆಯಲ್ಲಿ ಉಳಿದಿದ್ದ ಗಡಿಯಾರಗಳನ್ನು ಅವುಗಳ ಯಜಮಾನರು ಒಬ್ಬೊಬ್ಬರಾಗಿ ಬಂದು ಕೇಳಿದರು. ಮೊದಲು ಬಂದ ಶಾಲೆಯ ಟೀಚರು, ಪಾರ್ಟು ಸಿಗಲಿಲ್ಲವೇ ಎಂದು ತಾವೇ ಕೇಳಿದರು.

"ಪಾರ್ಟು ಸಿಗುತ್ತೆ" ಎಂದರು ಭಾವ, ಗಡಿಯಾರವನ್ನು ಅವರ ಕೈಗಿಡುತ್ತ. "ನನಗೆ ಕಾಣಿಸಲ್ಲ."

ಆ ದಿನ ಬಂದವರಿಗೆಲ್ಲ ಅದನ್ನೇ ಹೇಳಿದರು.