ಮಾವನ ಹೆಸರು ಕೂಗುವ ಪರೀಕ್ಷೆ

ನಮ್ಮ ರಟ್ಟಿನ ಪೆಟ್ಟಿಗೆ ಕಾರ್ಖಾನೆಯನ್ನು ಹೊಸ ಮಾಲೀಕರು ಕೊಂಡ ಮೇಲೆ ಮೊದಲು ಬದಲಾದದ್ದು ಸೈಕಲ್ ಸ್ಟ್ಯಾಂಡು. ಅದಕ್ಕೆ ಗೋಡೆ ಕಟ್ಟಿ, ಏಸಿ ಕೂಡಿಸಿ, ಬಾಗಿಲ ಮೇಲೆ ‘ವಿಶ್ವವಿದ್ಯಾಲಯ’ ಎಂದು ಬರೆಸಿದರು. ದಾಂಡೇಲಿಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತದ ನಾವೆಲ್ಲ ಊಟದ ಡಬ್ಬಿ ಹಿಡಿದುಕೊಂಡೇ ವಿಶ್ವವಿದ್ಯಾಲಯ ಸೇರಿದೆವು. ಸೈಕಲ್ಲುಗಳು ಮಳೆಯಲ್ಲಿ ನಿಂತವು.

ಪಾಠ ಹೇಳಲು ಪುಣೆಯಿಂದ ಒಬ್ಬರು ಬಂದರು. ಇಲ್ಲಿ ಯಾರೂ ಸರ್ ಅಲ್ಲ, ಸಾಹೇಬರಲ್ಲ, ಕಾಕಾ ಅಲ್ಲ. ಎಲ್ಲರನ್ನೂ ಹೆಸರು ಹಿಡಿದು ಕರೆಯಬೇಕು ಎಂದರು. “ಆಗ್ಲಿರಿ ಸರ್” ಎಂದು ಒಪ್ಪಿದೆವು. ಅವರು ಕೊಟ್ಟ ಕಾರಣವೇನೂ ಸುಳ್ಳಲ್ಲ. ತೋಳು ರೋಲರಿಗೆ ಸಿಕ್ಕುವ ಹೊತ್ತಿನಲ್ಲಿ ಮರ್ಯಾದೆ ಕೊಡುತ್ತ ನಿಂತರೆ ಕೈ ಉಳಿಯುವುದಿಲ್ಲ. ಹೆಸರು ಕೂಗಿದರೆ ಮನುಷ್ಯ ತಟ್ಟನೆ ತಿರುಗುತ್ತಾನೆ.

ಪರೀಕ್ಷೆಯೂ ಅದೇ. ಒಂದೇ ಮಷೀನಿನ ಇಬ್ಬರು ಜೋಡಿ. ಬಂದ್ ಮಾಡಿಟ್ಟ ರೋಲರಿನತ್ತ ಒಬ್ಬ ಕೈ ಚಾಚಬೇಕು, ಇನ್ನೊಬ್ಬ ಹೆಸರು ಕೂಗಿ ತಡೆಯಬೇಕು. ಪಾಸಾದರಷ್ಟೇ ಸೂಪರ್‌ವೈಸರ್ ಹುದ್ದೆ. ಅದು ನನಗೇ ಎಂದು ನನ್ನ ಹೆಂಡತಿ ಆಗಲೇ ಓಣಿಗೆಲ್ಲ ಪೇಡೆ ಹಂಚಿದ್ದಳು. ತೊಡಕೆಂದರೆ, ನನ್ನ ಮಷೀನಿನ ಜೋಡಿಗಾರರು ಅವಳ ಅಪ್ಪ, ಅಂದರೆ ನನ್ನ ಮಾವ. ಮಾವನ ಹೆಸರನ್ನು ಅಳಿಯ ಬಾಯಿಗೆ ತರುವುದು ನಮ್ಮಲ್ಲಿಲ್ಲ. ಲಗ್ನಪತ್ರಿಕೆಯಲ್ಲಿ ಓದಿದ್ದೆ, ಅದೂ ಮನಸ್ಸಿನಲ್ಲೇ.

ಮಾವ ಕೈ ಚಾಚಿದರು.

“ಮಾವಾರ, ಸ್ವಲ್ಪ ಕೈ ತಗೀರಿ” ಎಂದೆ.

“ಕೈ ಹೋಯಿತು. ಇನ್ನೊಮ್ಮೆ” ಎಂದರು ಪುಣೆಯವರು.

ಇನ್ನೊಮ್ಮೆಯೂ ಹೋಯಿತು. ಮಾವ ನನ್ನನ್ನು ಮೂಲೆಗೆ ಕರೆದೊಯ್ದರು.

“ಅಳಿಯಾರ, ಹೆಸರ ಹಿಡದ ಒದರ್ರಿ. ನಾ ಏನೂ ತಿಳ್ಕೊಳ್ಳಂಗಿಲ್ಲ.”

“ಬಾಯಾಗ ಬರವಲ್ದರಿ ಮಾವಾರ.”

“ಪೇಡೆ ತಿಂದ ಮಂದಿಗೆ ಏನ್ ಹೇಳೂಣು? ನೀವು ನಪಾಸಾದ್ರ ನನ್ನ ಮಗಳು ನಿಮಗೂ ಚಾ ಕೊಡಂಗಿಲ್ಲ, ನನಗೂ ಕೊಡಂಗಿಲ್ಲ.”

ಕಣ್ಣು ಮುಚ್ಚಿ ಒದರಿಬಿಟ್ಟೆ. ಬರೀ ಹೆಸರು, ಮುಂದೆ ಶ್ರೀ ಇಲ್ಲ, ಹಿಂದೆ ರೀ ಇಲ್ಲ. ಕಣ್ಣು ತೆರೆದರೆ ಮಾವನ ಕೈ ರೋಲರಿನ ಮೇಲೇ ಇತ್ತು. ಯಾರನ್ನೋ ಕರೆದರೆಂದು ಅವರು ಬಾಗಿಲ ಕಡೆ ನೋಡುತ್ತಿದ್ದರು. ಒದರ್ರಿ ಎಂದವರು ಅವರೇ. ಆದರೆ ಕಾರ್ಖಾನೆಗೆ ಅವರು ಕಾಕಾ, ಅತ್ತೆಗೆ ‘ನಮ್ಮ ಮನಿಯವ್ರು’. ಅವರ ತಾಯಿ ಹೋದ ಮೇಲೆ ಆ ಹೆಸರು ಹಿಡಿದು ಕರೆಯುವವರೇ ಉಳಿದಿರಲಿಲ್ಲ.

ನಾನು ಪಾಸಾದೆ. ಕರೆದರೂ ತಿರುಗಲಿಲ್ಲವೆಂದು ಮಾವ ನಪಾಸಾದರು.

ಸಂಜೆ ಮಾವನೂ ನಮ್ಮ ಮನೆಗೇ ಬಂದರು. ಹೆಂಡತಿ ಚಹಾ ಕೊಟ್ಟಳು, ನನ್ನ ಕಪ್ಪನ್ನು ಮಾತ್ರ ಸ್ವಲ್ಪ ಕುಕ್ಕಿ ಇಟ್ಟಳು. “ನಮ್ಮಪ್ಪಗ ಹೆಸರ ಹಿಡದ ಒದರಿದ್ರಂತಲ್ಲ?”

“ಛಲೋ ಒದರ್ಯಾರವಾ,” ಎಂದರು ಮಾವ, ಬಸಿಯಲ್ಲಿ ಚಹಾ ಆರಿಸುತ್ತ. “ನನಗ ಕೇಳಿಸ್ಲಿಲ್ಲ, ಅಷ್ಟ.”

ಮರುದಿನ ನಾನು ಸೂಪರ್‌ವೈಸರ್. ವಿಶ್ವವಿದ್ಯಾಲಯ ನನಗೆ ವಹಿಸಿದ ಮೊದಲ ಕೆಲಸವೆಂದರೆ, ನಪಾಸಾದ ನನ್ನ ಕೈಕೆಳಗಿನವರಿಗೆ ಅಭ್ಯಾಸ ಮಾಡಿಸುವುದು. ಮಾವ ತಟ್ಟನೆ ತಿರುಗುವವರೆಗೂ ನಾನು ದಿನವೂ ಅವರ ಹೆಸರು ಕೂಗಬೇಕಿತ್ತು.